ಮುದ್ದೆಗೆ ಎಷ್ಟು ಕ್ಯಾಲೊರಿ?

2011ರಲ್ಲಿ ಬೆಂಗಳೂರಿನ ಆಧಾರ್ ಯೋಜನೆಯಲ್ಲಿ ದುಡಿಯುತ್ತಿದ್ದ ಇಬ್ಬರು ಗೆಳೆಯರು ಒಂದು ಪಣ ತೊಟ್ಟರು. ತುಷಾರ್ ವಶಿಷ್ಠ ಮತ್ತು ಮ್ಯಾಥ್ಯೂ ಚೆರಿಯನ್ ಇಬ್ಬರೂ ಅಮೆರಿಕದಲ್ಲಿ ಓದಿ ಮರಳಿದವರು. ಈ ದೇಶದ ಸರಾಸರಿ ಆದಾಯದಲ್ಲಿ ತಾವೂ ಬದುಕಿ ನೋಡಬೇಕೆಂಬುದು ಅವರ ಹಟ. ಮನೆ ಬಾಡಿಗೆ ಬಿಟ್ಟು ದಿನಕ್ಕೆ ತಲಾ 100 ರೂಪಾಯಿ. ಮಾಂಸ, ಬೆಣ್ಣೆ, ತುಪ್ಪ ತಟ್ಟೆಯಿಂದ ಮರೆಯಾದವು. ಪ್ರೋಟೀನಿಗೆ ಅಗ್ಗದ ಸೋಯಾ ಚಂಕ್ಸ್ ಬಂತು. ಪಾರ್ಲೆ-ಜಿ ಬಿಸ್ಕತ್ತು 25 ಪೈಸೆಗೆ 27 ಕ್ಯಾಲೊರಿ ಕೊಡುತ್ತದೆಂದು ಲೆಕ್ಕ ಹಾಕಿದರು. ಆಮೇಲೆ, ಆಗಿನ ಯೋಜನಾ ಆಯೋಗ ಹಳ್ಳಿಗಳಿಗೆ ಗೊತ್ತುಮಾಡಿದ್ದ ಬಡತನದ ರೇಖೆಯನ್ನೂ ಅನುಭವಿಸಿ ನೋಡೋಣವೆಂದು ಕೇರಳದ ಕರುಕಚ್ಚಾಲ್‌ಗೆ ಹೋಗಿ, ದಿನಕ್ಕೆ 26 ರೂಪಾಯಿಯಲ್ಲಿ ಕುಸುಬಲಕ್ಕಿ ಅನ್ನ, ಗೆಡ್ಡೆ, ಬಾಳೆಹಣ್ಣು, ಹಾಲಿಲ್ಲದ ಚಹಾ ಉಂಡು ಕುಡಿದು ದಿನ ದೂಡಿದರು. ದಿನವಿಡೀ ತಲೆಯಲ್ಲಿ ಊಟದ್ದೇ ಯೋಚನೆ.

ಮರುವರ್ಷ, 2012ರಲ್ಲಿ, ಅದೇ ತುಷಾರ್ ಸಂಗಡಿಗರ ಜೊತೆ ಸೇರಿ ಬೆಂಗಳೂರಿನಲ್ಲಿ ಹೆಲ್ದಿಫೈಮಿ ಕಂಪನಿ ಕಟ್ಟಿದರು. ಇಡ್ಲಿ, ಪೊಂಗಲ್, ರಾಜ್ಮಾಗಳನ್ನು ನಮ್ಮ ಅಳತೆಯಲ್ಲೇ ಬರೆದುಕೊಳ್ಳಲು ಆಗುವಂಥ ಆ್ಯಪ್ ಅದು. ಅಮೆರಿಕದ ಮೈಫಿಟ್ನೆಸ್‌ಪಾಲ್ ಅದಾಗಲೇ 2005ರಿಂದ ಇತ್ತು. ಮದುವೆಗೆ ಮುಂಚೆ ತೂಕ ಇಳಿಸಿಕೊಳ್ಳಬೇಕೆಂದುಕೊಂಡ ಮೈಕ್ ಲೀ ಎಂಬಾತ ಮಾಡಿದ್ದು. ಇಂದು ಮೊಬೈಲಿರುವ ಯಾರು ಬೇಕಾದರೂ ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮಜ್ಜಿಗೆಯವರೆಗೆ ಬರೆದಿಡಬಹುದು, ನಡೆದ ಹೆಜ್ಜೆಗಳನ್ನು ಮಣಿಕಟ್ಟಿನ ಗಡಿಯಾರದಿಂದಲೇ ಎಣಿಸಿಕೊಳ್ಳಬಹುದು. ಪರದೆಯ ಮೇಲೆ ‘1,437’ ಎಂದು ಬರುವ ಸಂಖ್ಯೆಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಮಾತ್ರ ಯಾವ ಆ್ಯಪೂ ಹೇಳಿಕೊಡುವುದಿಲ್ಲ.

ನಮ್ಮ ದೇಶದಲ್ಲಿ ಈ ಲೆಕ್ಕ ಹುಟ್ಟಿದ್ದು ಹಸಿವಿನಿಂದ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಆರಂಭಿಸಿದ ಪೌಷ್ಟಿಕತೆಯ ಪ್ರಯೋಗಾಲಯಕ್ಕೆ 1935ರಲ್ಲಿ ವ್ಯಾಲೇಸ್ ಅಕ್ರಾಯ್ಡ್ ನಿರ್ದೇಶಕರಾಗಿ ಬಂದರು. ಅಕ್ಕಿ, ರಾಗಿ, ಬೇಳೆ, ಸೊಪ್ಪು, ಮೀನುಗಳಲ್ಲಿ ಏನೇನಿದೆ ಎಂದು ಅಳೆದು 1937ರಲ್ಲಿ ಅವರು ಹೊರತಂದ ಕಿರುಹೊತ್ತಗೆ ‘ಹೆಲ್ತ್ ಬುಲೆಟಿನ್ ಸಂಖ್ಯೆ 23’ ಎಂದೇ ಹೆಸರಾಯಿತು. ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಿಸುವುದು ಹೇಗೆ, ಕೊರತೆಯ ಕಾಯಿಲೆ ತಡೆಯುವುದು ಹೇಗೆ ಎಂಬುದೇ ಅದರ ಚಿಂತೆ. ಬಂಗಾಳದ ಬರಗಾಲದ ವಿಚಾರಣಾ ಆಯೋಗದಲ್ಲೂ ಅಕ್ರಾಯ್ಡ್ ಇದ್ದರು. ಮುಂದೆ ಕೂನೂರಿನ ಆ ಪ್ರಯೋಗಾಲಯ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು, ಅದರ ನಿರ್ದೇಶಕರಾಗಿದ್ದ ಸಿ. ಗೋಪಾಲನ್ ಅವರ ಕಾಲದಲ್ಲಿ ಆ ಕೋಷ್ಟಕಗಳು ಬೆಳೆದವು. 2017ರಲ್ಲಿ ಬಂದ ಹೊಸ ಆವೃತ್ತಿಗೆ ದೇಶದ ಆರು ವಲಯಗಳಿಂದ ಮಾದರಿ ತಂದು 528 ಆಹಾರ ಪದಾರ್ಥಗಳನ್ನು ಪರೀಕ್ಷಿಸಿದ್ದಾರೆ. ನಮ್ಮ ಊಟದ ಬಗ್ಗೆ ಆ್ಯಪ್ ಹೇಳುವುದರಲ್ಲಿ ನಂಬುವಂಥದ್ದು ಏನಾದರೂ ಇದ್ದರೆ ಅದರ ಬೇರು ಇಂಥ ಪ್ರಯೋಗಾಲಯಗಳಲ್ಲಿದೆ.

ಅದಕ್ಕೂ ಹಿಂದಿನ ಬೇರು ಅಮೆರಿಕದ್ದು. ವಿಲ್ಬರ್ ಅಟ್‌ವಾಟರ್ 1890ರ ದಶಕದಲ್ಲಿ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಒಬ್ಬ ಮನುಷ್ಯ ಹಿಡಿಸುವಷ್ಟು ಪುಟ್ಟ ಕೋಣೆಯೊಂದನ್ನು ಕಟ್ಟಿಸಿದರು. ಗಾಳಿ, ಶಾಖ ಯಾವುದೂ ಅಳತೆ ತಪ್ಪಿ ಹೊರಹೋಗದ ಕೋಣೆ. ಒಳಗಿದ್ದವನು ದಿನಗಟ್ಟಲೆ ಉಂಡ, ಮಲಗಿದ, ಸೈಕಲ್ ತುಳಿದ. ಹೊರಗಿದ್ದವರು ಒಳಹೋದ ಆಹಾರ, ಹೊರಬಂದ ಶಾಖ, ಉಸಿರು, ಮಲಮೂತ್ರ ಎಲ್ಲವನ್ನೂ ಅಳೆದರು. ಇಂಥ ಶ್ರಮದಿಂದ ಬಂದದ್ದು ಇವತ್ತಿಗೂ ಬಿಸ್ಕತ್ತಿನ ಪೊಟ್ಟಣದ ಹಿಂದೆ ದುಡಿಯುತ್ತಿರುವ ಸೂತ್ರ: ಒಂದು ಗ್ರಾಂ ಪಿಷ್ಟಕ್ಕೆ ಅಥವಾ ಪ್ರೋಟೀನಿಗೆ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9.

ನೂರಿಪ್ಪತ್ತು ವರ್ಷ ದಾಟಿದರೂ ಬಿದ್ದುಹೋಗದ ಸೂತ್ರವೆಂದರೆ ಮೆಚ್ಚಬೇಕಾದದ್ದೇ. ಆದರೂ ಅದು ಸರಾಸರಿ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಜನರಿಗೆ ಬಾದಾಮಿ ತಿನ್ನಿಸಿ ಅಳೆದಾಗ, 28 ಗ್ರಾಂ ಬಾದಾಮಿಯಿಂದ ಮೈಗೆ ಸಿಕ್ಕಿದ್ದು 129 ಕ್ಯಾಲೊರಿ. ಸೂತ್ರದ ಪ್ರಕಾರ ಸುಮಾರು 170 ಇರಬೇಕಿತ್ತು. ಗಟ್ಟಿ ಕಾಳಿನೊಳಗಿನ ಕೊಬ್ಬು ಪೂರ್ತಿ ಜೀರ್ಣವಾಗದೆ ಹೊರಹೋಗುತ್ತದೆ. ಪೊಟ್ಟಣದ ಮೇಲೆ ಮುದ್ರಿಸುವ ಅಂಕಿಯೂ ಕೂದಲೆಳೆಯಷ್ಟು ನಿಖರವಲ್ಲ; ಅಮೆರಿಕದ ನಿಯಮ 20 ಪ್ರತಿಶತದವರೆಗಿನ ವ್ಯತ್ಯಾಸವನ್ನು ಒಪ್ಪುತ್ತದೆ.

ಆ್ಯಪಿಗೆ ಬಂದರೆ ಕಥೆ ಇನ್ನಷ್ಟು ಸಡಿಲ. ಮೈಫಿಟ್ನೆಸ್‌ಪಾಲ್‌ನಂಥ ಆ್ಯಪ್‌ಗಳ ಆಹಾರದ ಪಟ್ಟಿಯಲ್ಲಿ ಬಹುಪಾಲನ್ನು ಬಳಕೆದಾರರೇ ತುಂಬಿದ್ದಾರೆ. ‘ರಾಗಿ ಮುದ್ದೆ’ ಎಂದು ಹುಡುಕಿದರೆ ಒಂದಕ್ಕೊಂದು ತಾಳೆಯಾಗದ ಹಲವು ಉತ್ತರಗಳು ಎದುರಾಗುವುದು ಅದಕ್ಕೇ. ಮಂಡ್ಯದ ಹೊಲದಲ್ಲಿ ಕೆಲಸ ಮಾಡಿ ಬಂದವರಿಗೆ ಕಟ್ಟುವ ಮುದ್ದೆಯೇ ಬೇರೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆಂದು ಕಟ್ಟುವ ಮುದ್ದೆಯೇ ಬೇರೆ. ‘ಒಂದು ಮುದ್ದೆ’ ಎಂಬುದು ಅಳತೆಯೇ ಅಲ್ಲ.

ಇದಕ್ಕೆ ಸುಲಭದ ದಾರಿಯಿದೆ. ಬೆಂದ ಅಡುಗೆಯನ್ನು ಬಿಟ್ಟು ಹಸಿ ಪದಾರ್ಥವನ್ನು ಅಳೆಯಬೇಕು. ನೀರಿಗೆ ಕ್ಯಾಲೊರಿಯಿಲ್ಲ, ಮುದ್ದೆ ಗಟ್ಟಿಯಾದರೂ ಮೆತ್ತಗಾದರೂ ಲೆಕ್ಕಕ್ಕೆ ಬರುವುದು ಹಿಟ್ಟು ಮಾತ್ರ. ಹೈದರಾಬಾದಿನ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. ಅರ್ಧ ಕಿಲೋ ಹಿಟ್ಟಿನಲ್ಲಿ ಐದು ಮುದ್ದೆ ಕಟ್ಟಿದರೆ ಒಂದಕ್ಕೆ 320. ನಾಲ್ಕೇ ಕಟ್ಟಿದರೆ 400. ಎಂಟು ಕಟ್ಟಿದರೆ 200. ಜೋಳದ ರೊಟ್ಟಿಗೂ ಅನ್ನಕ್ಕೂ ಇದೇ ಲೆಕ್ಕ: 100 ಗ್ರಾಂ ಜೋಳಕ್ಕೆ ಸುಮಾರು 330, ಅಷ್ಟೇ ಅಕ್ಕಿಗೆ ಸುಮಾರು 355. ಮುದ್ದೆ ಉಂಡರೆ ತೂಕ ಇಳಿಯುತ್ತದೆ, ಅನ್ನ ಉಂಡರೆ ಏರುತ್ತದೆ ಎಂಬ ಮಾತು ಈ ಅಂಕಿಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದಂಶ ಬಹಳ ಹೆಚ್ಚು. ಅದನ್ನು ಹೊಗಳಲು ಅಷ್ಟು ಸಾಕು. ಕ್ಯಾಲೊರಿಯಲ್ಲಿ ಮಾತ್ರ ಅಕ್ಕಿಗೂ ಅದಕ್ಕೂ ಇರುವ ಅಂತರ ಚಿಕ್ಕದು.

ನಿಜವಾಗಿ ಲೆಕ್ಕ ತಪ್ಪುವುದು ಬಾಣಲೆಯಲ್ಲಿ. ಮೊಬೈಲಿನಿಂದ ತಟ್ಟೆಯ ಚಿತ್ರ ತೆಗೆದರೆ ಸಾಕು, ಕ್ಯಾಲೊರಿ ಹೇಳುತ್ತೇನೆ ಎನ್ನುವ ಸೌಲಭ್ಯ ಈಗ ಬಂದಿದೆ. ಚಿತ್ರದಲ್ಲಿ ಪಲ್ಯ ಕಾಣುತ್ತದೆ, ಅದರೊಳಗೆ ಇಂಗಿದ ಎಣ್ಣೆ ಕಾಣುವುದಿಲ್ಲ. ಸಾರಿನ ಬಟ್ಟಲು ಕಾಣುತ್ತದೆ, ರುಬ್ಬಿ ಹಾಕಿದ ತೆಂಗಿನಕಾಯಿ ಎಷ್ಟೆಂದು ಕಾಣುವುದಿಲ್ಲ. ಒಂದು ಟೀ ಚಮಚ ಎಣ್ಣೆಗೆ 45 ಕ್ಯಾಲೊರಿ. 100 ಗ್ರಾಂ ಹಸಿ ಕಾಯಿತುರಿಗೆ 400ಕ್ಕೂ ಮೇಲೆ. ಒಗ್ಗರಣೆಗೆ ಎಣ್ಣೆ ಹಾಕುವ ಕೈ ಚಮಚ ಎಣಿಸುವುದಿಲ್ಲ, ಕಣ್ಣಂದಾಜಿನಲ್ಲಿ ಸುರಿಯುತ್ತದೆ. ಮಂಗಳೂರಿನ ಗಸಿಯಲ್ಲಿ, ದಾವಣಗೆರೆಯ ಬೆಣ್ಣೆ ದೋಸೆಯಲ್ಲಿ, ಉತ್ತರ ಕರ್ನಾಟಕದ ಎಣ್ಣೆಗಾಯಿಯಲ್ಲಿ ಕ್ಯಾಲೊರಿ ಕೂತಿರುವ ಜಾಗ ಬೇರೆ ಬೇರೆ. ಎಲ್ಲ ಕಡೆಯೂ ಅದು ಕ್ಯಾಮೆರಾದ ಕಣ್ಣಿಗೆ ಬೀಳುವುದು ಕಡಿಮೆ.

ಆದರೆ ಇದಕ್ಕೊಂದು ಹಳೆಯ ದಾಖಲೆ ಪ್ರತಿ ಮನೆಯಲ್ಲೂ ಇದೆ: ದಿನಸಿ ಚೀಟಿ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ, ಉಣ್ಣುವವರು ಎಷ್ಟು ಮಂದಿ ಎಂದು ಭಾಗಿಸಿದರೆ ಯಾವ ಆ್ಯಪೂ ಕೊಡದ ಉತ್ತರ ಸಿಗುತ್ತದೆ. ತಲೆಗೆ ತಿಂಗಳಿಗೆ ಒಂದು ಲೀಟರ್ ಎಂದರೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕ್ಯಾಲೊರಿ. ಸಕ್ಕರೆಗೂ ಹೀಗೆಯೇ: ತಲೆಗೆ ತಿಂಗಳಿಗೆ ಒಂದು ಕಿಲೋ ಎಂದರೆ ದಿನಕ್ಕೆ ಸುಮಾರು 130 ಕ್ಯಾಲೊರಿ. ಹೋಟೆಲಿನ ಊಟಕ್ಕೆ ಈ ದಾರಿಯಿಲ್ಲ. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಬೀದಿ ಕೊನೆಯ ದರ್ಶಿನಿಗೆ ಅದು ಅನ್ವಯಿಸುವುದಿಲ್ಲ.

ತಿಂದದ್ದನ್ನು ನೆನಪಿನಿಂದ ಬರೆಯುವುದರಲ್ಲೂ ಮನುಷ್ಯ ಬಹಳ ಕಚ್ಚಾ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಕೆಲವರನ್ನು ಪರೀಕ್ಷಿಸಿದರು. ದೇಹ ನಿಜಕ್ಕೂ ಎಷ್ಟು ಶಕ್ತಿ ವ್ಯಯಿಸಿತು ಎಂಬುದನ್ನು ವಿಶೇಷ ಗುರುತಿನ ಪರಮಾಣುಗಳಿರುವ ನೀರು ಕುಡಿಸಿ ಪತ್ತೆಮಾಡಲಾಯಿತು. ಅವರು ಬರೆದುಕೊಂಡದ್ದು ದಿನಕ್ಕೆ ಸರಾಸರಿ ಸಾವಿರದ ಆಸುಪಾಸು ಕ್ಯಾಲೊರಿ, ನಿಜವಾಗಿ ಒಳಹೋಗಿದ್ದು ಎರಡು ಸಾವಿರದಷ್ಟು. ಮಾಡಿದ ವ್ಯಾಯಾಮವನ್ನು ಮಾತ್ರ ಇದ್ದದ್ದಕ್ಕಿಂತ 51 ಪ್ರತಿಶತ ಹೆಚ್ಚೇ ಬರೆದಿದ್ದರು. ಅವರು ಸುಳ್ಳುಗಾರರಲ್ಲ. ಅಡುಗೆಮನೆಯಲ್ಲಿ ನಿಂತೇ ಬಾಯಿಗೆ ಹಾಕಿಕೊಂಡ ಹಪ್ಪಳ, ಮಗು ಬಿಟ್ಟ ಅರ್ಧ ದೋಸೆ, ಆಫೀಸಿನಲ್ಲಿ ಹಂಚಿದ ಮೈಸೂರು ಪಾಕು ಇವೆಲ್ಲ ಯಾರ ಲೆಕ್ಕದಲ್ಲೂ ‘ಊಟ’ ಅನ್ನಿಸಿಕೊಳ್ಳುವುದಿಲ್ಲ.

ವೆಚ್ಚದ ಕಡೆಗೆ ಬರೋಣ. ಏನೂ ಮಾಡದೆ ಮಲಗಿದ್ದರೂ ದೇಹ ಉರಿಸುವ ಶಕ್ತಿಯನ್ನು ಆ್ಯಪ್‌ಗಳು ಒಂದು ಸಮೀಕರಣದಿಂದ ತೆಗೆಯುತ್ತವೆ. ಹೆಚ್ಚು ಬಳಕೆಯಲ್ಲಿರುವ ಮಿಫ್ಲಿನ್-ಸೇಂಟ್ ಜೋರ್ ಸಮೀಕರಣ 1990ರದ್ದು, ಅಮೆರಿಕದ 498 ಜನರನ್ನು ಅಳೆದು ಮಾಡಿದ್ದು. 40 ವರ್ಷದ, 155 ಸೆಂಟಿಮೀಟರ್ ಎತ್ತರದ, 60 ಕಿಲೋ ತೂಕದ ಹೆಂಗಸಿಗೆ ಅದು ಸುಮಾರು 1,208 ಎನ್ನುತ್ತದೆ. ವಿದೇಶಿ ಸಮೀಕರಣಗಳು ನಮ್ಮವರಿಗೆ ಒಗ್ಗುತ್ತವೆಯೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಬಹಳ ಹಿಂದೆಯೇ ಎತ್ತಿದ್ದರು. ಭಾರತೀಯರನ್ನು ನೇರವಾಗಿ ಅಳೆದಾಗ, ಆಗ ಜಗತ್ತಿನಾದ್ಯಂತ ಬಳಸುತ್ತಿದ್ದ ಸಮೀಕರಣ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಒಂದೇ ತೂಕದ ಇಬ್ಬರಲ್ಲಿ ನಮ್ಮವರ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವುದು ಇದಕ್ಕೊಂದು ಕಾರಣ. ಮಲಗಿದ್ದಾಗಲೂ ಸ್ನಾಯು ಕೊಬ್ಬಿಗಿಂತ ಹೆಚ್ಚು ಉರಿಸುತ್ತದೆ.

ಕೈಗಡಿಯಾರಗಳ ಮಾತು ಹೇಗೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಬಗೆಯ ಗಡಿಯಾರಗಳನ್ನು 60 ಜನರ ಕೈಗೆ ಕಟ್ಟಿ ಓಡಿಸಿದರು, ಸೈಕಲ್ ತುಳಿಸಿದರು. ಎದೆಬಡಿತದ ಲೆಕ್ಕದಲ್ಲಿ ಆರು ಗಡಿಯಾರಗಳ ತಪ್ಪು 5 ಪ್ರತಿಶತದೊಳಗೇ ಇತ್ತು. ಕರಗಿದ ಕ್ಯಾಲೊರಿಯ ಲೆಕ್ಕದಲ್ಲಿ ಅತ್ಯುತ್ತಮವಾದದ್ದೂ ಸರಾಸರಿ 27 ಪ್ರತಿಶತ ತಪ್ಪಿತು, ಕಳಪೆಯದು 93 ಪ್ರತಿಶತ. ಆಮೇಲೆ ಗಡಿಯಾರಗಳು ಸುಧಾರಿಸಿರಬಹುದು. ಆದರೂ ಎದೆಬಡಿತ, ಚಲನೆಗಳಿಂದ ಶಕ್ತಿಯನ್ನು ಊಹಿಸುವ ಕೆಲಸ ಮೂಲತಃ ಕಷ್ಟದ್ದು.

ಇಲ್ಲಿ ಬಹಳ ಜನ ಜಾರುವ ಜಾಗವೊಂದಿದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೋ ಬೆಂಗಳೂರಿನ ಲಾಲ್‌ಬಾಗಿನಲ್ಲೋ 60 ಕಿಲೋ ತೂಕದವರು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಒಂದು ತಾಸು ನಡೆದರೆ ಸುಮಾರು 210 ಕ್ಯಾಲೊರಿ ಎಂದು ಆ್ಯಪ್ ತೋರಿಸುತ್ತದೆ. ಅದರಲ್ಲಿ 60 ಸುಮ್ಮನೆ ಕೂತಿದ್ದರೂ ಉರಿಯುತ್ತಿದ್ದದ್ದು. ನಡಿಗೆಯ ನಿಜವಾದ ಗಳಿಕೆ 150. ಎಷ್ಟೋ ಆ್ಯಪ್‌ಗಳು ಪೂರ್ತಿ ಮೊತ್ತವನ್ನು ಆ ದಿನದ ಊಟದ ಖಾತೆಗೆ ಜಮಾ ಮಾಡಿ ‘ಇನ್ನೂ ಇಷ್ಟು ತಿನ್ನಬಹುದು’ ಎನ್ನುತ್ತವೆ. ನಡಿಗೆ ಮುಗಿಸಿ ನೇರ ಮಸಾಲೆ ದೋಸೆಗೆ ಹೋಗುವ ಗುಂಪು ಪ್ರತಿ ಉದ್ಯಾನದ ಬಾಗಿಲಲ್ಲೂ ಇದೆ. ದೋಸೆಯ ಮೇಲಿಟ್ಟ ಒಂದು ದೊಡ್ಡ ಚಮಚ ಬೆಣ್ಣೆಯೊಂದೇ 100 ಕ್ಯಾಲೊರಿ. ವ್ಯಾಯಾಮದ ಜಮಾವನ್ನು ಊಟಕ್ಕೆ ಸೇರಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಬಿಡುವುದು ಒಳ್ಳೆಯದು. ನಡಿಗೆ ಹೃದಯಕ್ಕೆ, ಸಕ್ಕರೆಯ ಹತೋಟಿಗೆ, ನಿದ್ದೆಗೆ, ಮನಸ್ಸಿಗೆ ಮಾಡುವ ಉಪಕಾರ ಬಹಳ ದೊಡ್ಡದು. ಅದನ್ನು ದೋಸೆಯ ಬೆಲೆಯಲ್ಲಿ ಅಳೆದು ಕುಗ್ಗಿಸಬೇಕಿಲ್ಲ.

ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯೂ ವೈದ್ಯರಿಂದ ಬಂದದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಗಡಿಯಾರದ ಕಂಪನಿಯೊಂದು ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲೇ ಆ ಸಂಖ್ಯೆ ಇತ್ತು. ಅಮೆರಿಕದಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ 16,741 ಹೆಂಗಸರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶ ಹಿರಿಯರಿಗೆ ಧೈರ್ಯ ಕೊಡುವಂಥದ್ದು. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. ಸುಮಾರು 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ಮಂಡಿನೋವಿನ ಅಜ್ಜಿಗೆ ಮೊಮ್ಮಗ ಗಡಿಯಾರ ಕಟ್ಟಿ ಹತ್ತು ಸಾವಿರ ಮುಟ್ಟಿಸಲು ಒತ್ತಾಯಿಸುವ ಮನೆಗಳಲ್ಲಿ ಈ ಅಂಕಿ ಗೊತ್ತಿರಬೇಕು.

ಇಷ್ಟೆಲ್ಲ ಅಂದಾಜುಗಳ ಮೇಲೆ ನಿಂತ ಲೆಕ್ಕದಿಂದ ಪ್ರಯೋಜನವಿದೆಯೇ? ಇದೆ, ಚೆನ್ನಾಗಿಯೇ ಇದೆ. ಅಮೆರಿಕದ ಕೈಸರ್ ಪರ್ಮನೆಂಟೆ ಸಂಸ್ಥೆ ಸುಮಾರು 1,700 ಜನರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂದದ್ದನ್ನು ದಿನವೂ ಬರೆದಿಟ್ಟವರು ಬರೆಯದವರಿಗಿಂತ ಎರಡರಷ್ಟು ತೂಕ ಇಳಿಸಿಕೊಂಡಿದ್ದರು. ಬರೆಯಬೇಕಾಗುತ್ತದೆ ಎಂಬ ನೆನಪೇ ಎರಡನೆಯ ಸಲ ಚಕ್ಕುಲಿ ಡಬ್ಬಿ ತೆಗೆಯುವ ಕೈಯನ್ನು ತಡೆಯುತ್ತದೆ. 2019ರ ಇನ್ನೊಂದು ಅಧ್ಯಯನದ ಪ್ರಕಾರ ಆನ್‌ಲೈನಿನಲ್ಲಿ ಬರೆಯಲು ಮೊದಲ ತಿಂಗಳು ದಿನಕ್ಕೆ ಸುಮಾರು 23 ನಿಮಿಷ ಹಿಡಿದರೆ ಆರನೆಯ ತಿಂಗಳಿಗೆ ಅದು 15ಕ್ಕೆ ಇಳಿಯಿತು. ಯಶಸ್ಸು ಕಂಡವರು ಹೆಚ್ಚು ವಿವರ ಬರೆದವರಲ್ಲ, ದಿನಕ್ಕೆ ಹೆಚ್ಚು ಸಲ ಬರೆದವರು. ಆದರೆ ಯಂತ್ರ ಕೊಂಡ ಮಾತ್ರಕ್ಕೆ ಫಲವಿಲ್ಲ. ಪಿಟ್ಸ್‌ಬರ್ಗಿನಲ್ಲಿ 471 ಯುವಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ವರದಿ ಮಾಡಿದಾಗ, ಚಲನೆ ಅಳೆಯುವ ಪಟ್ಟಿ ಕಟ್ಟಿಕೊಂಡವರು 3.5 ಕಿಲೋ ಇಳಿದಿದ್ದರು, ಅದಿಲ್ಲದೆ ಸಲಹೆ ಪಡೆದವರು 5.9 ಕಿಲೋ.

ಒಂದೇ ದಿನದ ಅಂಕಿಯನ್ನು ನೋಡಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಬೇಡ. ವಾರದ ಸರಾಸರಿ ಮತ್ತು ತೂಕ ಹೋಗುತ್ತಿರುವ ದಿಕ್ಕು ಮುಖ್ಯ. ಆ್ಯಪ್ 300 ಕ್ಯಾಲೊರಿ ತಪ್ಪಿದರೂ ದಿನವೂ ಒಂದೇ ರೀತಿ ತಪ್ಪಿದರೆ, ಹಿಂದಿನ ವಾರಕ್ಕಿಂತ ಈ ವಾರ ಏನು ಬದಲಾಯಿತು ಎಂಬುದು ತಿಳಿಯುತ್ತದೆ. ತೂಕ ಇಳಿಯುವ ವೇಗದ ಬಗ್ಗೆಯೂ ಆ್ಯಪ್‌ಗಳು ದುಡುಕಿ ಮಾತು ಕೊಡುತ್ತವೆ. ದಿನಕ್ಕೆ 500 ಕ್ಯಾಲೊರಿ ಕಡಿತ, ವಾರಕ್ಕೆ ಅರ್ಧ ಕಿಲೋ ಇಳಿತ ಎಂಬ 1958ರ ಕಾಲದ ಲೆಕ್ಕ ಮೊದಮೊದಲು ಸರಿಯೆನಿಸಿದರೂ ತಿಂಗಳುಗಳು ಉರುಳಿದಂತೆ ಸೋಲುತ್ತದೆ. ದೇಹ ಹಗುರಾದಂತೆ ಅದರ ಖರ್ಚೂ ಇಳಿಯುತ್ತದೆ. ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಲೆಕ್ಕ ಇದಕ್ಕಿಂತ ಪ್ರಾಮಾಣಿಕ: ದಿನಕ್ಕೆ ಸುಮಾರು 24 ಕ್ಯಾಲೊರಿಯ ಶಾಶ್ವತ ಕಡಿತಕ್ಕೆ ಕೊನೆಗೆ ಒಂದು ಕಿಲೋ ಇಳಿಕೆ, ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಹೆಚ್ಚುಕಡಿಮೆ ಪೂರ್ತಿಯಾಗಲು ಮೂರು ವರ್ಷ. ಮೇಲೆ ಹೇಳಿದ ಎಣ್ಣೆಗೇ ಇದನ್ನು ಹಚ್ಚಿ ನೋಡಬಹುದು. ತಲೆಗೆ ತಿಂಗಳಿಗೆ ಒಂದು ಲೀಟರಿದ್ದದ್ದು ಮುಕ್ಕಾಲಿಗೆ ಇಳಿದರೆ ದಿನಕ್ಕೆ ಸುಮಾರು 68 ಕ್ಯಾಲೊರಿ ಉಳಿತಾಯ; ಬೇರೇನೂ ಬದಲಾಗದಿದ್ದರೆ ಮೂರು ವರ್ಷಕ್ಕೆ ಎರಡೂವರೆಯಿಂದ ಮೂರು ಕಿಲೋ. ಎರಡನೆಯ ತಿಂಗಳಲ್ಲಿ ತೂಕದ ಮುಳ್ಳು ನಿಂತಿತೆಂದು ಎದೆಗುಂದಿ ಎಲ್ಲ ಬಿಟ್ಟುಬಿಡುವವರಿಗೆ ಈ ಲೆಕ್ಕವನ್ನು ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಬರೆದಿಟ್ಟದ್ದು ಬರೆದವರ ಬಳಿಯೇ ಉಳಿಯುತ್ತದೆಂಬ ಖಾತರಿಯೂ ಇಲ್ಲ. 2018ರಲ್ಲಿ ಮೈಫಿಟ್ನೆಸ್‌ಪಾಲ್‌ನ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಕಳ್ಳರ ಪಾಲಾಯಿತು. ಅದೇ ವರ್ಷ, ಓಟಗಾರರು ಬಳಸುವ ಸ್ಟ್ರಾವಾ ಆ್ಯಪ್ ಪ್ರಕಟಿಸಿದ್ದ ನಕ್ಷೆಯಲ್ಲಿ ಸೈನಿಕರ ಓಟದ ಜಾಡುಗಳಿಂದ ಸೇನಾ ನೆಲೆಗಳ ಗುಟ್ಟು ರಟ್ಟಾಯಿತು. ಮನೆ ಬಾಗಿಲಿನಿಂದಲೇ ಓಟ ಆರಂಭಿಸುವ ಹೆಣ್ಣುಮಕ್ಕಳು ತಮ್ಮ ದಾರಿ ಯಾರಿಗೆಲ್ಲ ಕಾಣುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು.

ಕೆಲವರ ಕೈಗೆ ಈ ಸಾಧನ ಹೋಗಲೇಬಾರದು. ಊಟದ ಬಗ್ಗೆ ಭಯ, ಪಾಪಪ್ರಜ್ಞೆ ಬೆಳೆಸಿಕೊಂಡು ಕಾಯಿಲೆ ಬಿದ್ದ 105 ಜನರನ್ನು ಅಮೆರಿಕದಲ್ಲಿ 2017ರ ಅಧ್ಯಯನವೊಂದು ಮಾತಾಡಿಸಿತು. ನಾಲ್ಕರಲ್ಲಿ ಮೂವರು ಮೈಫಿಟ್ನೆಸ್‌ಪಾಲ್ ಬಳಸಿದವರು. ಬಳಸಿದವರಲ್ಲಿ 73 ಪ್ರತಿಶತ ಜನ, ತಮ್ಮ ಕಾಯಿಲೆಗೆ ಅದೂ ಕೈಜೋಡಿಸಿತು ಎಂದರು. ಬೆಳೆಯುವ ವಯಸ್ಸಿನ ಹುಡುಗಿ ಕೆಂಪು ಬಣ್ಣಕ್ಕೆ ತಿರುಗಿದ ಅಂಕಿ ನೋಡಿ ರಾತ್ರಿಯೂಟ ಬಿಡತೊಡಗಿದರೆ ಆ ಆ್ಯಪನ್ನು ಅಂದೇ ತೆಗೆದುಹಾಕಬೇಕು. ಬಸುರಿಯರು, ಬಾಣಂತಿಯರು ತಾವಾಗಿ ಕ್ಯಾಲೊರಿ ಕಡಿತಕ್ಕೆ ಇಳಿಯಬಾರದು.

ಸಕ್ಕರೆ ಕಾಯಿಲೆಯವರ ವಿಷಯ ಸ್ವಲ್ಪ ಬೇರೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆಯ ಮಟ್ಟವನ್ನು ತೀರಾ ಕೆಳಗಿಳಿಸಬಲ್ಲ ಮಾತ್ರೆ ನುಂಗುವವರು ಆ್ಯಪ್ ಹೇಳಿತೆಂದು ಔಷಧ ಅಷ್ಟೇ ಇಟ್ಟುಕೊಂಡು ಊಟ ತಗ್ಗಿಸಿದರೆ ನಡುರಾತ್ರಿ ಬೆವತು ತಲೆಸುತ್ತಿ ಬೀಳುವ ಅಪಾಯವಿದೆ. ಇವರಿಗೆ ಒಟ್ಟು ಕ್ಯಾಲೊರಿಗಿಂತಲೂ, ಪ್ರತಿ ಹೊತ್ತಿನ ಊಟದಲ್ಲಿ ಮುದ್ದೆ, ಅನ್ನ, ಹಣ್ಣಿನಿಂದ ಎಷ್ಟು ಗ್ರಾಂ ಪಿಷ್ಟ ಹೋಯಿತು ಎಂಬುದು ಹೆಚ್ಚು ಉಪಯೋಗದ ಮಾಹಿತಿ. ಬಹುತೇಕ ಆ್ಯಪ್‌ಗಳು ಅದನ್ನೂ ತೋರಿಸುತ್ತವೆ. ಎರಡು ವಾರ ಹಿಟ್ಟು, ಅಕ್ಕಿ, ಎಣ್ಣೆ ತೂಗಿ ಪ್ರಾಮಾಣಿಕವಾಗಿ ಬರೆದು, ಅದರ ಪಕ್ಕದಲ್ಲೇ ಬೆರಳು ಚುಚ್ಚಿ ನೋಡಿದ ಸಕ್ಕರೆಯ ಅಂಕಿಯನ್ನೂ ಸೇರಿಸಿ ಮುಂದಿನ ಭೇಟಿಗೆ ವೈದ್ಯರ ಬಳಿ ಒಯ್ದರೆ, ಯಾವ ಹೊತ್ತಿನ ಔಷಧ ಎಷ್ಟಿರಬೇಕೆಂದು ನಿರ್ಧರಿಸಲು ಅವರಿಗೊಂದು ಆಧಾರ ಸಿಗುತ್ತದೆ.